ಬಾತುಗಳಲ್ಲಿ ಮೇಲು ಕೀಳು

ಸುಮಾರು ಇನ್ನೂರು ವರ್ಷಗಳ ಹಿಂದೆ, ಅಮೆರಿಕದ ನ್ಯೂಜೆರ್ಸಿ ಕರಾವಳಿಯ ಗ್ರೇಟ್ ಎಗ್ ಹಾರ್ಬರ್ ಬಳಿ ಗೋಧಿ ತುಂಬಿದ ಹಡಗೊಂದು ಒಡೆದು ಚೂರಾಯಿತು. ಗೋಧಿ ಕೊಲ್ಲಿಯ ತುಂಬ ಹರಡಿತು. ಅದರ ಬೆನ್ನಿಗೇ, ಆ ಸೀಮೆಯವರು ಕಂಡೇ ಇರದ ಬಾತುಗಳು ಸಾವಿರಗಟ್ಟಲೆ ಬಂದಿಳಿದವು. ಸುತ್ತಲಿನ ಬೇಟೆಗಾರರು ಸಿಕ್ಕ ಸಿಕ್ಕ ದೋಣಿ ಹತ್ತಿ ಗುಂಡು ಹಾರಿಸಿದರು. ಒಂದೇ ದಿನ 240 ಹಕ್ಕಿ ಬಿದ್ದವಂತೆ. ಹೆಸರು ಗೊತ್ತಿಲ್ಲದ ಕಾರಣ 'ಸಮುದ್ರದ ಬಾತು' ಎಂದು ತಾವೇ ಕರೆದರು. ಪುಕ್ಕವನ್ನು ಕಿತ್ತಿಟ್ಟುಕೊಂಡು, ಉಳಿದದ್ದನ್ನು ನೆರೆಹೊರೆಯವರಿಗೆ ಒಂದಕ್ಕೆ ಹನ್ನೆರಡೂವರೆ ಸೆಂಟಿನಂತೆ ಮಾರಿ ಕೈತೊಳೆದುಕೊಂಡರು. ಅವರು ಮಾರಿದ್ದು ಕ್ಯಾನ್ವಾಸ್‌ಬ್ಯಾಕ್ ಬಾತನ್ನು. ಅದೇ ಕಾಲದಲ್ಲಿ ನಗರಗಳ ದೊಡ್ಡ ಔತಣಗಳಿಗೆ ಅದರ ಒಂದು ಜೋಡಿಗೆ ಒಂದರಿಂದ ಮೂರು ಡಾಲರ್ ಕೊಡುವವರಿದ್ದರು. ಅಂದರೆ ನಾಲ್ಕರಿಂದ ಹನ್ನೆರಡು ಪಟ್ಟು ಬೆಲೆ. ಈ ಸಂಗತಿಯನ್ನು ಬರೆದಿಟ್ಟವನು ಅಲೆಕ್ಸಾಂಡರ್ ವಿಲ್ಸನ್. ಸ್ಕಾಟ್ಲೆಂಡಿನಲ್ಲಿ ಮಗ್ಗದ ಮುಂದೆ ಕೂತು ಬೆಳೆದವನು, 1794ರಲ್ಲಿ ಅಮೆರಿಕಕ್ಕೆ ಹೋಗಿ ಆ ದೇಶದ ಹಕ್ಕಿಗಳ ಮೊದಲ ದೊಡ್ಡ ಗ್ರಂಥ ಬರೆದವನು. ಊರಿನವರ ಅಜ್ಞಾನದ ತಮಾಷೆಯೆಂದು ಆತ ಇದನ್ನು ಹೇಳಿದ್ದಾನೆ. ನನಗೆ ಇದು ಅದಕ್ಕಿಂತ ದೊಡ್ಡ ಸಾಕ್ಷ್ಯವಾಗಿ ಕಾಣುತ್ತದೆ. ಬಾತುಗಳು ಅಲ್ಲಿದ್ದ ಮೂರು ವಾರ ಅವನ್ನು ಬೇಯಿಸಿ ತಿಂದವರಿಗೆ ನಾಲಿಗೆ ಇರಲಿಲ್ಲವೇ? ಖಂಡಿತ ಇತ್ತು. ಹಕ್ಕಿಗೆ ಅಂಟಿದ ಕೀರ್ತಿ ಮಾತ್ರ ಅವರ ಊರಿಗೆ ಇನ್ನೂ ಬಂದಿರಲಿಲ್ಲ.

ಬಾತು ಬೇಟೆಗಾರರು ಯಾವ ದೇಶದವರೇ ಇರಲಿ, ಬಾತುಗಳನ್ನು ಮೇಲು ಕೀಳಾಗಿ ವಿಂಗಡಿಸಿಕೊಂಡೇ ಇರುತ್ತಾರೆ. ಇದು ರಾಜ, ಇದು ಪರವಾಗಿಲ್ಲ, ಇದಕ್ಕೆ ಗುಂಡು ದಂಡ. ಕೇಳಿದರೆ ರುಚಿಯ ಮಾತು ಬರುತ್ತದೆ, ಹಾರಾಟದ ಚುರುಕಿನ ಮಾತು ಬರುತ್ತದೆ, ಹಿರಿಯರು ಹೇಳಿಕೊಟ್ಟದ್ದು ಎನ್ನುವ ಮಾತೂ ಬರುತ್ತದೆ. ಆದರೆ ಅಮೆರಿಕದ ಎರಡು ಶತಮಾನಗಳ ಬಾತು ಬೇಟೆಯ ಚರಿತ್ರೆ ಬಿಡಿಸಿ ನೋಡಿದರೆ ಆ ಪಟ್ಟಿ ಒಂದೇ ಸಮ ನಿಂತದ್ದೇ ಇಲ್ಲ. ಮೇಲಿದ್ದದ್ದು ಕೆಳಗಿಳಿದಿದೆ, ಯಾರೂ ಮೂಸದಿದ್ದದ್ದು ಮೇಲೇರಿದೆ. ಏರಿಳಿತದ ಕಾರಣ ಹುಡುಕಿದರೆ ಅದು ಬೇಟೆಗಾರನ ಬಾಯಲ್ಲಿ ಸಿಗುವುದು ಕಡಿಮೆ. ಒಮ್ಮೆ ನೀರಿನ ತಳದ ಹುಲ್ಲಿನಲ್ಲಿ ಸಿಗುತ್ತದೆ, ಒಮ್ಮೆ ಪೇಟೆಯ ದರದಲ್ಲಿ, ಇಪ್ಪತ್ತನೇ ಶತಮಾನದಲ್ಲಂತೂ ಹೆಚ್ಚಾಗಿ ಸರ್ಕಾರ ಹೊರಡಿಸಿದ ದಿನದ ಮಿತಿಯ ಆದೇಶದಲ್ಲಿ.

ಕ್ಯಾನ್ವಾಸ್‌ಬ್ಯಾಕ್‌ನ ಕೀರ್ತಿ ಹುಟ್ಟಿದ್ದು ಮೇರಿಲ್ಯಾಂಡಿನ ಚೆಸಪೀಕ್ ಕೊಲ್ಲಿಯ ತುದಿಯಲ್ಲಿ, ಸಸ್ಕ್ವಿಹ್ಯಾನಾ ನದಿ ಕೊಲ್ಲಿಗೆ ಸೇರುವ ಕಡೆ. ಅಲ್ಲಿ ನದಿ ತಂದ ಹೂಳು ತುಂಬಿ ಮೈಲುಗಟ್ಟಲೆ ಆಳವಿಲ್ಲದ ನೀರು ಹರಡಿಕೊಂಡಿದೆ. ಸಸ್ಕ್ವಿಹ್ಯಾನಾ ಫ್ಲ್ಯಾಟ್ಸ್ ಎಂದು ಅದರ ಹೆಸರು, ದಡದ ಊರು ಹಾವ್ರ್ ದ ಗ್ರೇಸ್. ಆ ನೀರಿನ ತಳದಲ್ಲಿ ಒಂದು ಕಾಲಕ್ಕೆ ವ್ಯಾಲಿಸ್ನೇರಿಯಾ ಎಂಬ ಜಲಸಸ್ಯ ಹುಲ್ಲುಗಾವಲಿನಂತೆ ಬೆಳೆದಿತ್ತು. ಅಲ್ಲಿನವರು ಅದನ್ನು ಕಾಡು ಸೆಲರಿ ಎನ್ನುತ್ತಾರೆ. ನಮ್ಮ ಪೇಟೆಗಳಲ್ಲಿ ಗಾಜಿನ ಮೀನುತೊಟ್ಟಿಗೆಂದು ಮಾರುವ, ರಿಬ್ಬನ್ನಿನಂತೆ ನೀಳ ಎಲೆಯ ಗಿಡ ಇದರ ಹತ್ತಿರದ ಬಂಧು. ಚಳಿಗಾಲಕ್ಕೆ ಎಲೆ ಕೊಳೆತರೂ ಬುಡದ ಬಿಳಿ ಮೊಗ್ಗು ಕೆಸರಿನಲ್ಲಿ ಹಿಟ್ಟು ತುಂಬಿಕೊಂಡು ಕೂತಿರುತ್ತದೆ. ಕ್ಯಾನ್ವಾಸ್‌ಬ್ಯಾಕ್ ಮುಳುಗಿ ಅದನ್ನೇ ಕಿತ್ತು ತಿಂದು ಕೊಬ್ಬುತ್ತಿತ್ತು. ವಿಲ್ಸನ್ ಈ ಬಾತಿಗೆ ಶಾಸ್ತ್ರೀಯ ಹೆಸರಿಟ್ಟದ್ದೂ ಈ ಗಿಡದ ಮೇಲೆಯೇ. ಆದರೆ ಅಲ್ಲಿ ಮೇಯುತ್ತಿದ್ದದ್ದು ಅದೊಂದೇ ಅಲ್ಲ. ಅದರ ಸೋದರಸಂಬಂಧಿ ರೆಡ್‌ಹೆಡ್ ಕೂಡ ಅದೇ ಮೊಗ್ಗಿಗೆ ಮುಳುಗುತ್ತಿತ್ತು. ವಿಜನ್ ಬಾತಿಗೆ ಆಳಕ್ಕೆ ಮುಳುಗಲು ಬಾರದು. ಅದು ಮೇಲೆ ಕಾದಿದ್ದು, ಕ್ಯಾನ್ವಾಸ್‌ಬ್ಯಾಕ್ ತಲೆ ಎತ್ತುತ್ತಲೇ ಬಾಯಿಂದ ಕಸಿದುಕೊಂಡು ಓಡುತ್ತಿತ್ತು. ಕಸಿದು ತಿಂದ ವಿಜನ್ ಕೂಡ ಅಲ್ಲಿ ಅಷ್ಟೇ ರುಚಿ ಎಂದು ಆ ದಡದ ವ್ಯಾಪಾರಿಗಳು ಬಲ್ಲರು. ಅತ್ತ ಪೆಸಿಫಿಕ್ ತೀರದ ನದಿಗಳಲ್ಲಿ ಮೊಟ್ಟೆಯಿಟ್ಟು ಸತ್ತ ಸಾಲ್ಮನ್ ಮೀನು ತಿಂದ ಕ್ಯಾನ್ವಾಸ್‌ಬ್ಯಾಕನ್ನು ಅಡುಗೆಮನೆಯೊಳಗೆ ತರಲೂ ಜನ ಹಿಂಜರಿಯುತ್ತಿದ್ದರು. ಹಕ್ಕಿ ಅದೇ, ಊಟ ಬೇರೆ. ಸೈನ್ಯದಲ್ಲಿ ವೈದ್ಯನಾಗಿದ್ದ ಪಕ್ಷಿವಿಜ್ಞಾನಿ ಎಲಿಯಟ್ ಕೌಸ್ ಹತ್ತೊಂಬತ್ತನೇ ಶತಮಾನದಲ್ಲೇ ಈ ಬಾತಿನ ಹೊಗಳಿಕೆಯನ್ನು ಲೇವಡಿ ಮಾಡಿದ. ತಟ್ಟೆಗೆ ಬಂದ ಮೇಲೆ ಇದನ್ನು ಬೇರೆ ಬಾತಿನಿಂದ ಬೇರ್ಪಡಿಸಿ ಹೇಳುವವನು ಹತ್ತು ಸಾವಿರಕ್ಕೆ ಒಬ್ಬನೂ ಸಿಗಲಾರ ಎಂಬುದು ಆತನ ವಾದ. ಆ ಒಬ್ಬನಿಗೂ ಸೆಲರಿ ತಿಂದ ಹಕ್ಕಿಯೇ ಬೇಕು.

ಹಾಗಾದರೆ ಕೀರ್ತಿ ಗಿಡಕ್ಕೆ ಸಲ್ಲದೆ ಹಕ್ಕಿಗೆ ಸಂದದ್ದು ಹೇಗೆ? ಪೇಟೆಯಿಂದ. ಪೇಟೆಗೆ ಬೇಕಾದದ್ದು ದೂರದಿಂದಲೇ ಗುರುತಿಸಬಹುದಾದ ಹೆಸರು. ಯಾವ ಕೆಸರಿನ ಯಾವ ಗಡ್ಡೆ ತಿಂದು ಬೆಳೆಯಿತು ಎಂಬುದನ್ನು ನ್ಯೂಯಾರ್ಕಿನ ಗಿರಾಕಿ ಕಣ್ಣಿನಿಂದ ತಿಳಿಯಲಾರ. ಇಳಿಜಾರು ಹಣೆ, ಉದ್ದ ಕಪ್ಪು ಕೊಕ್ಕು, ಬೆಳ್ಳಗಿನ ಬೆನ್ನು ಕಂಡರೆ ಅವನಿಗೆ ಸಮಾಧಾನ. ಮಂಜುಗಡ್ಡೆ ಮತ್ತು ರೈಲು ಸೇರಿಕೊಂಡ ಮೇಲೆ ಚೆಸಪೀಕ್‌ನ ಬಾತು ಬಾಲ್ಟಿಮೋರ್, ಫಿಲಡೆಲ್ಫಿಯಾ ದಾಟಿ ನ್ಯೂಯಾರ್ಕಿನ ಡೆಲ್ಮಾನಿಕೋಸ್‌ನಂಥ ಹೋಟೆಲುಗಳ ಪಟ್ಟಿ ಸೇರಿತು. ಕೊಲ್ಲಿಯ ಟೆರಪಿನ್ ಆಮೆ ಮತ್ತು ಕ್ಯಾನ್ವಾಸ್‌ಬ್ಯಾಕ್ ಜೋಡಿ ಇಲ್ಲದೆ ಧನಿಕರ ಔತಣ ಪೂರ್ತಿಯಾಗುತ್ತಿರಲಿಲ್ಲ. ಈ ಬೇಡಿಕೆ ತುಂಬಿಸಲು ಹಾವ್ರ್ ದ ಗ್ರೇಸ್‌ನ ಬೇಟೆಗಾರರು ಸಿಂಕ್‌ಬಾಕ್ಸ್ ಎಂಬ ಸಾಧನ ಹೂಡಿದರು. ಅದು ಶವಪೆಟ್ಟಿಗೆಯ ಆಕಾರದ ಮರದ ಪೆಟ್ಟಿಗೆ, ಅದರ ನಾಲ್ಕೂ ಕಡೆ ನೀರಿನ ಮೇಲೆ ತೇಲುವ ಹಲಗೆ ಮತ್ತು ಕ್ಯಾನ್ವಾಸಿನ ರೆಕ್ಕೆಗಳು. ಮನುಷ್ಯ ಒಳಗೆ ಅಂಗಾತ ಮಲಗಿದಾಗ ಪೆಟ್ಟಿಗೆಯ ಅಂಚು ಸರಿಯಾಗಿ ನೀರಿನ ಮಟ್ಟಕ್ಕೆ ಬರಬೇಕು. ಅಷ್ಟು ತಗ್ಗಿಸಲು ರೆಕ್ಕೆಗಳ ಮೇಲೆ ಎರಕದ ಕಬ್ಬಿಣದ ಬಾತುಗಳನ್ನು ಇಡುತ್ತಿದ್ದರು. ತೂಕಕ್ಕೆ ತೂಕವೂ ಆಯಿತು, ಮೋಸಕ್ಕೆ ಮೋಸವೂ ಆಯಿತು. ಸುತ್ತ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಇನ್ನೂರು ಮುನ್ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು, ತೋರಿಕೆಯ ಬಾತುಗಳು ಲಂಗರು ಕಟ್ಟಿಕೊಂಡು ತೇಲುತ್ತಿದ್ದವು. ಮೇಲಿನಿಂದ ಇಳಿಯುವ ಹಿಂಡಿಗೆ ಮನುಷ್ಯ ಕಾಣುತ್ತಲೇ ಇರಲಿಲ್ಲ, ಅವನು ಎದ್ದು ಕೂರುವವರೆಗೆ. ಗಾಳಿ ತಗ್ಗಿನಲ್ಲಿ ಇನ್ನೊಂದು ದೋಣಿ ನಿಂತು ಸತ್ತ ಹಕ್ಕಿ ಆಯುತ್ತಿತ್ತು. ಅಲೆ ಎದ್ದರೆ ಪೆಟ್ಟಿಗೆಗೆ ನೀರು ನುಗ್ಗಿ ಪ್ರಾಣಕ್ಕೇ ಸಂಚಕಾರ. ರಾತ್ರಿ ಹೊತ್ತು ಇನ್ನೊಂದು ಬಗೆ: ಚಪ್ಪಟೆ ದೋಣಿಯ ಮೂತಿಗೆ ಕಟ್ಟಿದ ಭಾರಿ ಕೋವಿ, ಒಂದೇ ಏಟಿಗೆ ಅರ್ಧ ಕಿಲೋಗೂ ಮಿಗಿಲಾದ ಚರೆ, ಮಲಗಿದ ಹಿಂಡಿನ ಮೇಲೆ.

ಈ ಪೇಟೆಯ ಒಳಗೇ ಪೇಟೆಯ ಮಾನದಂಡದ ಪೊಳ್ಳು ಬಯಲಾಗುತ್ತಿತ್ತು. ಕ್ಯಾನ್ವಾಸ್‌ಬ್ಯಾಕ್ ಸಾಲದಾದಾಗ ರೆಡ್‌ಹೆಡ್ಡನ್ನೇ ಆ ಹೆಸರಿನಲ್ಲಿ ಮಾರುವುದು ಮಾಮೂಲಾಗಿತ್ತು; ಬಡಿಸಿಕೊಂಡವರು ಚಪ್ಪರಿಸಿಯೇ ಎದ್ದರು. ಇನ್ನೂ ಸ್ವಾರಸ್ಯವಾದದ್ದು ರಡ್ಡಿ ಬಾತಿನ ಕಥೆ. ಬಾಲ ನಿಗುರಿಸಿಕೊಂಡು ತಿರುಗುವ ಈ ಪುಟ್ಟ ಹಕ್ಕಿಗೆ ಮೊದಲು ಕೇಳುವವರಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ದೊಡ್ಡ ಬಾತುಗಳು ವಿರಳವಾಗುತ್ತಲೇ ಅದಕ್ಕೆ ಹಠಾತ್ ಕುಲೀನತೆ ಬಂತು. ಅದೂ ಕಾಡು ಸೆಲರಿ ತಿನ್ನುವುದೇ, ರುಚಿಯಲ್ಲಿ ಕಡಿಮೆ ಇಲ್ಲ ಎಂಬ ಮಾತು ಪೇಟೆಯಲ್ಲಿ ಹುಟ್ಟಿತು. ಆ ಹಿಂದಿನ ವರ್ಷಗಳಲ್ಲೂ ಅದು ಅದನ್ನೇ ತಿನ್ನುತ್ತಿತ್ತಲ್ಲ! ಬೆಲೆ ಏರಿತು, ಕೋವಿಗಳು ತಿರುಗಿದವು, ಕೆಲವೇ ವರ್ಷಗಳಲ್ಲಿ ಅದೂ ಕಡಿಮೆಯಾಯಿತು.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ, ಎರಡಕ್ಕೂ ತೂಕವಿದೆ. ಮೊದಲನೆಯದು: ಇದೆಲ್ಲ ಮಾರುವವರ ಕಥೆ, ನಿಜವಾದ ಬೇಟೆಗಾರ ಹಕ್ಕಿಯನ್ನು ಅಳೆಯುವುದು ಅದನ್ನು ಹೊಡೆಯುವ ಕಷ್ಟದಿಂದ. ಕ್ಯಾನ್ವಾಸ್‌ಬ್ಯಾಕ್ ಅತಿ ವೇಗದ ಬಾತುಗಳಲ್ಲಿ ಒಂದು, ಗಾಳಿ ಬೆನ್ನಿಗಿದ್ದರೆ ಕೋವಿಯ ತುದಿ ಅದನ್ನು ಹಿಡಿಯುವುದು ಕಷ್ಟ. ಇದು ನಿಜ. ಆದರೆ ಟೀಲ್ ಬಾತುಗಳೂ ಅಷ್ಟೇ ಚುರುಕು, ಅವನ್ನು ಚೆಸಪೀಕ್‌ನಲ್ಲಿ ಯಾರೂ ರಾಜ ಎನ್ನಲಿಲ್ಲ. ಬಫಲ್‌ಹೆಡ್ ಎಂಬ ಮುಷ್ಟಿಗಾತ್ರದ ಬಾತಿನ ವೇಗ ಕಂಡವರಿಗೆ ಗೊತ್ತು. ಅದು ಪಟ್ಟಿಯ ತಳದಿಂದ ಎದ್ದದ್ದೇ ಇಲ್ಲ. ಕಷ್ಟವೇ ಅಳತೆಗೋಲಾಗಿದ್ದರೆ, ಬಾತು ಇಳಿಯುವ ಜಾಗದ ನಡುವೆಯೇ ಮಲಗಿ ಕಾಯುವ ಪೆಟ್ಟಿಗೆಯನ್ನು ಕಂಡುಹಿಡಿಯುವ ಅಗತ್ಯ ಇರಲಿಲ್ಲ. ಕಷ್ಟವನ್ನು ಕೊಂಡಾಡುವುದು ಹೆಚ್ಚಾಗಿ ಆಮೇಲೆ ಬಂದ ಗುಣ, ಹೊಟ್ಟೆಪಾಡಿಗೆ ಹೊಡೆಯುವವರು ಕಣದಿಂದ ಹೊರಬಿದ್ದ ಮೇಲೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ನಾಲಿಗೆಯನ್ನು ಪೂರ್ತಿ ತಳ್ಳಿಹಾಕುವುದು ಹೇಗೆ? ಮೀನು ಹಿಡಿದೇ ಬದುಕುವ ಮರ್ಗ್ಯಾನ್ಸರ್ ಬಾತಿನ ಮಾಂಸ ಮೀನಿನಂತೆಯೇ ನಾರುತ್ತದೆ, ಅದಕ್ಕೆ ಪೇಟೆ ಬೇಕಿಲ್ಲ, ಸರ್ಕಾರ ಬೇಕಿಲ್ಲ. ಒಪ್ಪತಕ್ಕ ಮಾತೇ. ಪಟ್ಟಿಯ ಕಟ್ಟಕಡೆಯ ತುದಿಯನ್ನು ನಾಲಿಗೆ ಸಾಕಷ್ಟು ಭದ್ರವಾಗಿ ಹಿಡಿದಿದೆ. ಆದರೂ ಆ ತುದಿಯಲ್ಲೇ ನೋಡಿ: ಕ್ಯಾಥೊಲಿಕ್ ಫ್ರಾನ್ಸಿನಲ್ಲಿ ಮಾಂಸ ನಿಷಿದ್ಧವಾದ ವ್ರತದ ದಿನಗಳಲ್ಲಿ ಸ್ಕೋಟರ್ ಎಂಬ ಕಪ್ಪು ಕಡಲ ಬಾತನ್ನು ಮೀನಿನ ಲೆಕ್ಕಕ್ಕೆ ಸೇರಿಸಿ ತಿನ್ನುವ ವಾಡಿಕೆ ಇತ್ತು. ಬೇರೆ ದಿನ ಅದರ ನಾತಕ್ಕೆ ಮೂಗು ಮುಚ್ಚುವವರಿಗೆ ವ್ರತದ ದಿನ ಆ ನಾತವೇ ಪರವಾನಗಿ. ಪಟ್ಟಿಯ ನಡುಭಾಗಕ್ಕೆ ಬಂದರಂತೂ ನಾಲಿಗೆಯ ಆಳ್ವಿಕೆ ಇನ್ನೂ ಸಡಿಲ. ಅದಕ್ಕೆ ಒಳ್ಳೆಯ ನಿದರ್ಶನ ನಮ್ಮ ದೇಶದಲ್ಲೇ ಇದೆ.

ಬ್ರಿಟಿಷರ ಕಾಲದ ಭಾರತದಲ್ಲಿ ಬಾತು ಬೇಟೆ ಅಧಿಕಾರಿಗಳ ಚಳಿಗಾಲದ ದಿನಚರಿಯಾಗಿತ್ತು. ಕಾಂಗ್ರೆಸ್ ಸ್ಥಾಪನೆಯ ಜೊತೆ ನಾವು ನೆನೆಯುವ ಎ. ಓ. ಹ್ಯೂಮ್ ಅದಕ್ಕೂ ಮೊದಲು ಹಕ್ಕಿಗಳ ಹುಚ್ಚಿನವನು. ಮಾರ್ಷಲ್ ಎಂಬಾತನ ಜೊತೆ ಸೇರಿ 1879ರಿಂದ 1881ರೊಳಗೆ ಭಾರತ, ಬರ್ಮಾ, ಸಿಲೋನುಗಳ ಬೇಟೆಹಕ್ಕಿಗಳ ಮೂರು ಸಂಪುಟ ಹೊರತಂದ. 1908ರಲ್ಲಿ ಸ್ಟುವರ್ಟ್ ಬೇಕರ್ ಬರೀ ಬಾತುಗಳಿಗೇ ಒಂದು ಗ್ರಂಥ ಮೀಸಲಿಟ್ಟ. ಇವರ ಬರಹಗಳಲ್ಲಿ ಬಾತಿನ ವಿವರದ ಜೊತೆ ಅದು ಊಟಕ್ಕೆ ಹೇಗೆ ಎಂಬ ಷರಾ ಸಾಮಾನ್ಯವಾಗಿ ಇರುತ್ತದೆ. ಭತ್ತದ ಗದ್ದೆ, ಝೀಲುಗಳಲ್ಲಿ ಮೇದ ಗ್ಯಾಡ್ವಾಲ್ ಅವರಿಗೆ ಪಂಕ್ತಿಯ ಮೇಲ್ತುದಿಯ ಹಕ್ಕಿ. ಅದೇ ಗ್ಯಾಡ್ವಾಲನ್ನು ಅಮೆರಿಕದ ಬೇಟೆಗಾರರು ಬಹುಕಾಲ 'ಬೂದು ಬಾತು' ಎಂದು ಹಗುರವಾಗಿ ಕರೆದು ಎರಡನೇ ಸಾಲಿಗೆ ತಳ್ಳಿದ್ದರು. ಅಲ್ಲಿ ಅದು ಹೆಚ್ಚಾಗಿ ನೀರಿನ ಸೊಪ್ಪು, ಪಾಚಿ ಮೇಯುತ್ತಿತ್ತು, ಕಣ್ಣಿಗೂ ಮಂಕು. ಸಲಿಕೆಯಂಥ ಕೊಕ್ಕಿನ ಶೊವೆಲರ್ ಮಾತ್ರ ಎರಡೂ ಕಡೆ ಬೈಸಿಕೊಂಡಿತು. ಇಲ್ಲಿ ಅದು ಊರ ಕೊಳಕು ಗುಂಡಿಗಳಲ್ಲೂ ಜಾಲಾಡುತ್ತದೆ ಎಂಬ ಕಾರಣಕ್ಕೆ. ಸಿಳ್ಳೆ ಬಾತು ಇವರಿಗೆ ಹೊಡೆಯಲೂ ಸಪ್ಪೆ, ತಿನ್ನಲೂ ಸಪ್ಪೆ. ಇನ್ನು ನಮ್ಮ ಕಾವ್ಯಗಳ ಜಕ್ಕವಕ್ಕಿ, ಇರುಳಲ್ಲಿ ಅಗಲಿ ಕೂಗುವ ಪ್ರೇಮಿಗಳ ಹಕ್ಕಿ, ಸಾಹೇಬರ ಲೆಕ್ಕದಲ್ಲಿ ಬರೀ ಪೀಡೆ: ಮಾಂಸ ಒರಟು, ಮೇಲಾಗಿ ದೂರದಿಂದಲೇ ಕೂಗೆಬ್ಬಿಸಿ ಉಳಿದ ಬಾತುಗಳನ್ನೂ ಹಾರಿಸಿಬಿಡುತ್ತದೆ. ಬೇಸಗೆಯಲ್ಲಿ ತಿನ್ನಲೆಂದು ಚಳಿಗಾಲದಲ್ಲೇ ಟೀಲ್‌ಗಳನ್ನು ಬಲೆಗೆ ಹಿಡಿದು, ಬಂಗಲೆಯ ಹಿತ್ತಲ ನೆರಳಲ್ಲಿ ತೊಟ್ಟಿ ಕಟ್ಟಿ, ಧಾನ್ಯ ಹಾಕಿ ಸಾಕುವ 'ಟೀಲರಿ'ಗಳೂ ಉತ್ತರ ಭಾರತದಲ್ಲಿದ್ದವು. ಊಟವೇ ರುಚಿ ಕೊಡುವುದೆಂಬ ಸತ್ಯವನ್ನು ಅಡುಗೆಯವರು ಹೀಗೆ ಕೈಯಾರೆ ನಡೆಸಿ ತೋರಿಸಿದ್ದರು.

ಆದರೆ ಬೇಟೆ ದೊಡ್ಡದಾದಷ್ಟೂ ಈ ತಾರತಮ್ಯ ಅಳಿಸಿಹೋಗುತ್ತದೆ. ಭರತ್‌ಪುರದ ಕೇವಲಾದೇವದಲ್ಲಿ ಮಹಾರಾಜರ ಬಾತು ಬೇಟೆಗಳ ದಾಖಲೆ ಕಲ್ಲಿನ ಮೇಲೆ ಕೆತ್ತಿದ್ದಾರೆ, ಇಂದಿಗೂ ನೋಡಬಹುದು. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಾಗ ಬಿದ್ದ ಹಕ್ಕಿಗಳು 4,273. ಕಲ್ಲಿನಲ್ಲಿ ತಾರೀಖಿದೆ, ಅತಿಥಿಯ ಹೆಸರಿದೆ, ಕೋವಿಗಳ ಸಂಖ್ಯೆಯಿದೆ, ಒಟ್ಟು ಹಕ್ಕಿಯ ಸಂಖ್ಯೆಯಿದೆ. ಯಾವ ಬಾತು ಎಷ್ಟು ಎಂಬುದಿಲ್ಲ. ಮಿತಿಯೇ ಇಲ್ಲದ ಕಡೆ ಆಯ್ಕೆಗೆ ಕೆಲಸವಿಲ್ಲ. ಮುಂದೆ ಅಮೆರಿಕದಲ್ಲಿ ಆದದ್ದನ್ನು ಬಿಡಿಸಲು ನನಗೆ ಸಿಗುವ ಕೀಲಿಕೈ ಇದೇ.

ಅಲ್ಲಿ ಪೇಟೆಗೆ ಬಾಗಿಲು ಹಾಕಿದ್ದು ಕಾನೂನು. 1900ರ ಲೇಸಿ ಕಾಯ್ದೆ ಕದ್ದು ಹೊಡೆದ ಹಕ್ಕಿಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ತಡೆಯಿತು. 1913ರ ಕಾಯ್ದೆ ವಸಂತಕಾಲದ ಬೇಟೆಗೆ ಅಡ್ಡ ಬಂತು. 1916ರಲ್ಲಿ ಕೆನಡಾದ ಪರವಾಗಿ ಬ್ರಿಟನ್ನಿನೊಂದಿಗೆ ಒಪ್ಪಂದವಾಗಿ, 1918ರ ವಲಸೆಹಕ್ಕಿ ಕಾಯ್ದೆಯೊಂದಿಗೆ ಕಾಡುಬಾತಿನ ಮಾರಾಟವೇ ನಿಂತಿತು. ಬೆಲೆ ಹೋಯಿತು. ಬೆಲೆಯ ಮೇಲೆ ನಿಂತಿದ್ದ ಮೇಲು ಕೀಳು ಅದರೊಂದಿಗೇ ಹೋಗಬೇಕಿತ್ತು. ಹೋಗಲಿಲ್ಲ, ಬೇರೆ ಆಧಾರದ ಮೇಲೆ ನಿಂತುಕೊಂಡಿತು. 1918ರಲ್ಲಿ ಒಬ್ಬನಿಗೆ ದಿನಕ್ಕೆ 25 ಬಾತು ಎಂಬ ಮಿತಿ ಬಂತು, 1930ರಲ್ಲಿ ಅದು 15ಕ್ಕೆ, ಬರಗಾಲದ ಮಧ್ಯೆ 1935ರಲ್ಲಿ 10ಕ್ಕೆ ಇಳಿಯಿತು. ಅದೇ ವರ್ಷ ಸಿಂಕ್‌ಬಾಕ್ಸ್, ಜೀವಂತ ಬಾತುಗಳನ್ನು ಕಟ್ಟಿ ಕರೆಸುವುದು, ಕಾಳು ಎರಚಿ ಹೊಡೆಯುವುದು ಎಲ್ಲ ನಿಷೇಧವಾದವು. ಮಾರುವವನ ಕಾಲದಲ್ಲಿ ಬೇಡದ ಬಾತು ಎಂದರೆ ಮದ್ದುಗುಂಡಿನ ಖರ್ಚಿಗೆ ಬಾರದ್ದು. ಈಗ ಬೇಡದ ಬಾತು ಎಂದರೆ ಹತ್ತರಲ್ಲಿ ಒಂದು ಜಾಗ ತಿಂದುಹಾಕುವಂಥದ್ದು. ಎರಡೂ ತಿರಸ್ಕಾರವೇ, ಆದರೆ ಎರಡನೆಯದರಲ್ಲಿ ಹೆಚ್ಚು ಅಹಂಕಾರವಿದೆ. ಶೊವೆಲರ್ ಹೊಡೆದು ತಂದವನನ್ನು ಜೊತೆಗಾರರು 'ಹಾಲಿವುಡ್ ಮಲಾರ್ಡ್' ಎಂದು ಕಿಚಾಯಿಸುವುದು, ಒಂದಷ್ಟು ಜಾತಿಗಳಿಗೆ ಒಟ್ಟಾಗಿ 'ಕಸದ ಬಾತು' ಎಂದು ಹೆಸರು ಬಿದ್ದದ್ದು, ಎಣಿಸಿ ಹೊಡೆಯಬೇಕಾದ ಲೋಕದಲ್ಲಿ ಮಾತ್ರ ಅರ್ಥವಾಗುವ ಮಾತುಗಳು.

ಸಿಂಹಾಸನಕ್ಕೆ ಈಗ ಬಂದದ್ದು ಮಲಾರ್ಡ್. ಗಂಡಿನ ತಲೆ ಮಿರುಗುವ ಹಸಿರು, ಅದರಿಂದಲೇ ಬೇಟೆಗಾರರ ಬಾಯಲ್ಲಿ ಅದು 'ಹಸಿರುತಲೆ'. 1934ರಲ್ಲಿ ಬೇಟೆಗಾರರು ಕಡ್ಡಾಯವಾಗಿ ಕೊಳ್ಳಬೇಕಾದ ಒಂದು ಡಾಲರಿನ ಮೊದಲ ಬಾತು ಸ್ಟಾಂಪು ಬಂದಾಗ, ವ್ಯಂಗ್ಯಚಿತ್ರಕಾರ ಡಿಂಗ್ ಡಾರ್ಲಿಂಗ್ ಅದರ ಮೇಲೆ ಬರೆದದ್ದು ನೀರಿಗಿಳಿಯುವ ಮಲಾರ್ಡ್ ಜೋಡಿಯನ್ನು. ಈ ಪಟ್ಟಾಭಿಷೇಕಕ್ಕೂ ಹಿನ್ನೆಲೆಯಲ್ಲಿ ಒಂದು ಗಿಡವಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆರ್ಕನ್ಸಾ ರಾಜ್ಯದ ಸ್ಟಟ್‌ಗಾರ್ಟ್ ಸುತ್ತ ಭತ್ತದ ಬೇಸಾಯ ಹರಡಿತು. ಕೊಯ್ಲಾದ ಗದ್ದೆಯಲ್ಲಿ ಉದುರಿದ ಭತ್ತ, ನೀರಾವರಿಗೆಂದು ಕಟ್ಟಿದ ಕೆರೆಗಳಲ್ಲಿ ನೀರು, ಚಳಿಗಾಲದಲ್ಲಿ ಮುಳುಗುವ ಓಕ್ ಕಾಡಿನಲ್ಲಿ ಅದರ ಕಾಯಿ: ಮಲಾರ್ಡಿಗೆ ಇಷ್ಟು ಸಾಕಿತ್ತು. ಮರದ ಬುಡಕ್ಕೆ ಒರಗಿ ಮೊಣಕಾಲು ನೀರಲ್ಲಿ ನಿಂತು, ಕಾಲಿನಿಂದ ನೀರು ಕದಡಿ ಅಲೆ ಎಬ್ಬಿಸುತ್ತ, ಬಾಯಲ್ಲಿಟ್ಟ ಪೀಪಿಯಿಂದ ಕರೆದರೆ ಅದು ಕೊಂಬೆಗಳ ನಡುವೆ ಇಳಿದು ಬರುತ್ತದೆ. ಬೇರೆ ಬಾತುಗಳು ಕರೆಗೆ ಇಷ್ಟು ಓಗೊಡುವುದಿಲ್ಲ. ಹೀಗಾಗಿ ಕರೆಯುವುದೇ ಒಂದು ವಿದ್ಯೆಯಾಯಿತು. 1936ರಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ಶುರುವಾದ ಬಾತು ಕರೆಯುವ ಸ್ಪರ್ಧೆಯ ಮೊದಲ ವರ್ಷದ ಬಹುಮಾನ 6 ಡಾಲರ್ 60 ಸೆಂಟ್ ಬೆಲೆಯ ಬೇಟೆಕೋಟು. ಹೊಡೆದು ತಂದದ್ದನ್ನು ಮಾರುವಂತಿಲ್ಲದವನಿಗೆ ಬಾತು ಕೊಡುವ ಸಂತೋಷ ಅದನ್ನು ಒಲಿಸಿಕೊಂಡದ್ದರಲ್ಲಿದೆ. ಆ ಸಂತೋಷವನ್ನು ಹೆಚ್ಚು ಕೊಡುವ ಬಾತು ಪಟ್ಟಿಯ ಮೇಲೇರಿತು. ಮುಳುಗುವ ಬಾತುಗಳ ರಾಜ್ಯ ಹೋಗಿ ಕರೆಗೆ ಇಳಿಯುವ ಬಾತಿನ ರಾಜ್ಯ ಬಂತು, ಚೆಸಪೀಕ್‌ನಿಂದ ಮಿಸಿಸಿಪಿಯ ಬಯಲಿಗೆ ರಾಜಧಾನಿಯೂ ಬದಲಾಯಿತು.

ಸರ್ಕಾರವೇ ಕೂತು ಬಾತುಗಳಿಗೆ ಅಂಕ ಕೊಟ್ಟ ಕಾಲವೊಂದಿತ್ತು ಎಂದರೆ ನಂಬುವುದು ಕಷ್ಟ. 1960ರ ದಶಕದ ಕೊನೆಯಲ್ಲಿ ಪ್ರಯೋಗವಾಗಿ ಶುರುವಾಗಿ ಮುಂದಿನ ದಶಕದಲ್ಲಿ ಹಲವು ರಾಜ್ಯಗಳಿಗೆ ಹಬ್ಬಿದ 'ಪಾಯಿಂಟ್' ಪದ್ಧತಿಯಲ್ಲಿ ವಿರಳವಾದ ಬಾತಿಗೆ ಹೆಚ್ಚು ಅಂಕ, ಹೇರಳವಾದದ್ದಕ್ಕೆ ಕಡಿಮೆ. ಕ್ಯಾನ್ವಾಸ್‌ಬ್ಯಾಕಿಗೆ 100, ಟೀಲಿನಂಥವಕ್ಕೆ 10, ಮಲಾರ್ಡಿನಲ್ಲಿ ಹೆಣ್ಣಿಗೆ ಹೆಚ್ಚು, ಗಂಡಿಗೆ ಕಡಿಮೆ. ಕೊನೆಗೆ ಹೊಡೆದ ಹಕ್ಕಿಯ ಅಂಕ ಸೇರಿ ಮೊತ್ತ 100 ಮುಟ್ಟಿದರೆ ಅಥವಾ ದಾಟಿದರೆ ಆ ದಿನದ ಬೇಟೆ ಮುಗಿಯಿತು. ಬೆಳಗ್ಗೆ ಮೊದಲ ಗುಂಡಿಗೇ ಕ್ಯಾನ್ವಾಸ್‌ಬ್ಯಾಕ್ ಬಿದ್ದರೆ ಮನೆಗೆ ನಡೆಯಬೇಕು. ಒಂಬತ್ತು ಟೀಲ್ ಹೊಡೆದು 90 ಮಾಡಿಕೊಂಡು ಆಮೇಲೆ ಕ್ಯಾನ್ವಾಸ್‌ಬ್ಯಾಕ್ ಕೆಡವಿದರೆ ಹತ್ತೂ ಹಕ್ಕಿ ನ್ಯಾಯವಾಗಿಯೇ ಚೀಲದಲ್ಲಿ. ಯಾವುದು ಮೊದಲು ಬಿತ್ತು, ಯಾವುದು ಆಮೇಲೆ ಎಂದು ಹೇಳಲು ಸತ್ತ ಹಕ್ಕಿಗೆ ಬಾಯಿಲ್ಲ. ಕ್ರಮ ತಿರುಚಿ ಲೆಕ್ಕ ಒಪ್ಪಿಸುವುದು ಎಷ್ಟು ಸುಲಭವಾಗಿತ್ತೆಂದರೆ ಪದ್ಧತಿಯ ಮೇಲಿನ ದೊಡ್ಡ ದೂರೇ ಅದಾಯಿತು. 1990ರ ದಶಕದಲ್ಲಿ ಅದು ಕೊನೆಗೊಂಡಿತು. ಆದರೆ ಹಾರುವ ಹಕ್ಕಿಯನ್ನು ಗುರುತಿಸಿ ಆಮೇಲೆ ಕುದುರೆ ಎಳೆಯಬೇಕು, ಹೆಣ್ಣನ್ನು ಬಿಟ್ಟು ಗಂಡನ್ನು ಹೊಡೆಯಬೇಕು ಎಂಬ ಅಭ್ಯಾಸ ಆ ವರ್ಷಗಳಲ್ಲಿ ಬೇರೂರಿತು. ಇಂದು 'ನಾವು ಹಸಿರುತಲೆ ಬಿಟ್ಟು ಬೇರೇನೂ ಹೊಡೆಯುವುದಿಲ್ಲ' ಎಂದು ಬೀಗುವ ಬೇಟೆಗಾರ ಅದನ್ನು ತನ್ನ ತತ್ವವೆನ್ನುತ್ತಾನೆ. ಹೆಣ್ಣಿಗೆ ಹೆಚ್ಚು ಅಂಕ ಹಾಕಿದ ಗುಮಾಸ್ತನ ಪಾಲೂ ಅದರಲ್ಲಿದೆ.

ಕಾನೂನು ಬೇಟೆಗಾರರ ಇಷ್ಟವನ್ನು ಹಿಂಬಾಲಿಸಿದ್ದೇ ಹೊರತು ಅದನ್ನು ಹುಟ್ಟಿಸಿಲ್ಲ ಎಂದು ವಾದಿಸಬಹುದು. ಇಷ್ಟವಾದ ಬಾತನ್ನೇ ಹೆಚ್ಚು ಹೊಡೆಯುತ್ತಾರೆ, ಅದೇ ಕಡಿಮೆಯಾಗುತ್ತದೆ, ಆಗ ಕಾನೂನು ಬರುತ್ತದೆ, ಅಷ್ಟೇ ತಾನೆ? ಕ್ಯಾನ್ವಾಸ್‌ಬ್ಯಾಕ್ ವಿಷಯದಲ್ಲಿ ಇದು ಅರ್ಧ ಸತ್ಯ. ಉಳಿದರ್ಧ ನೀರಿನಲ್ಲಿದೆ. 1972ರ ಜೂನಿನಲ್ಲಿ ಆಗ್ನೆಸ್ ಚಂಡಮಾರುತ ಸಸ್ಕ್ವಿಹ್ಯಾನಾದಲ್ಲಿ ಮಹಾಪೂರ ತಂದು, ಅದಾಗಲೇ ಕೊಳೆನೀರಿನಿಂದ ಬಡವಾಗಿದ್ದ ಫ್ಲ್ಯಾಟ್ಸ್‌ನ ಕಾಡು ಸೆಲರಿಯನ್ನು ಹೂಳಿನಡಿ ಹೂತುಹಾಕಿತು. 1950ರ ದಶಕದಲ್ಲಿ ಚೆಸಪೀಕ್‌ನಲ್ಲಿ ಚಳಿಗಾಲ ಕಳೆಯುತ್ತಿದ್ದ ಕ್ಯಾನ್ವಾಸ್‌ಬ್ಯಾಕ್ ಸುಮಾರು ಎರಡೂವರೆ ಲಕ್ಷ. ಆಮೇಲೆ ಅದರಲ್ಲೊಂದು ಪಾಲು ಮಾತ್ರ ಉಳಿಯಿತು, ಉಳಿದದ್ದೂ ಸೆಲರಿ ಬಿಟ್ಟು ಕೆಸರಿನ ಚಿಪ್ಪುಹುಳು ತಿನ್ನತೊಡಗಿತು. ಡೆಲ್ಮಾನಿಕೋಸ್‌ನ ಕೀರ್ತಿಗೆ ಕಾರಣವಾದ ಊಟವೇ ತಟ್ಟೆಯಿಂದ ಹೋಯಿತು. ರುಚಿಯೇ ಮಾನದಂಡವಾಗಿದ್ದರೆ ಈ ಬಾತು ಆಗ ಪಟ್ಟಿಯಿಂದ ಇಳಿಯಬೇಕಿತ್ತು. ಇಳಿಯಲಿಲ್ಲ. ಋತುವಿಡೀ ಪೂರ್ತಿ ನಿಷೇಧವಾದ ವರ್ಷಗಳು ಹಲವು, 2002 ಮತ್ತು 2008 ಅವುಗಳಲ್ಲಿ ಇತ್ತೀಚಿನವು. ಬಿಟ್ಟಾಗಲೂ ದಿನಕ್ಕೆ ಒಂದೋ ಎರಡೋ. ಹೀಗೆ ಅಪರೂಪವಾದ ಮೇಲೆ ಅದು ಅಡುಗೆಮನೆಯ ದಾರಿ ಬಿಟ್ಟು ಗೋಡೆಯ ದಾರಿ ಹಿಡಿಯಿತು. ಬಲಿತ ಗಂಡನ್ನು ಹೊಡೆದವರು ಪುಕ್ಕ ಕೆಡದಂತೆ ಬಟ್ಟೆಯಲ್ಲಿ ಸುತ್ತಿ, ಹುಲ್ಲು ತುಂಬಿ ನಿಲ್ಲಿಸುವವನ ಬಳಿ ಒಯ್ಯುತ್ತಾರೆ. ತಿನ್ನಲು ಯಾರೂ ಕೇಳದಿದ್ದ ಕಡಲ ಬಾತುಗಳಿಗೂ, ಐಡರ್‌ಗಳಿಗೂ, ಈಚೆಗೆ ಇದೇ ಕಾರಣಕ್ಕೆ ಬೇಡಿಕೆ. ಅಲಾಸ್ಕಾದ ದ್ವೀಪಗಳವರೆಗೆ ಒಂದೇ ಒಂದು ಗಂಡು ಕಿಂಗ್ ಐಡರಿಗಾಗಿ ಹೋಗುವವರಿದ್ದಾರೆ.

ವುಡ್ ಡಕ್ ಇನ್ನೊಂದು ಸಾಕ್ಷಿ. ಅದರ ಗಂಡಿನ ಪಕ್ಕೆಯ ಗರಿ ಟ್ರೌಟ್ ಹಿಡಿಯುವ ಗಾಳದ ನೊಣ ಕಟ್ಟುವವರಿಗೆ ಬೇಕು, ಓಕ್ ಕಾಯಿ ತಿಂದ ಮಾಂಸ ಊಟಕ್ಕೆ ಬೇಕು, ಗೂಡಿನ ಪೊಟರೆಯಿದ್ದ ಮರವನ್ನಂತೂ ಎಲ್ಲರೂ ಕಡಿದರು. ಅದು ಅಳಿದೇಹೋಯಿತು ಎಂದು ಭಯಪಟ್ಟ ಕಾಲದಲ್ಲಿ, 1918ರಿಂದ 1941ರವರೆಗೆ ಅದರ ಬೇಟೆ ದೇಶಾದ್ಯಂತ ಬಂದ್. ಆ ಅವಧಿಯಲ್ಲಿ ಬೆಳೆದ ಒಂದು ತಲೆಮಾರು ಅದನ್ನು ಕೋವಿಯ ಕಣ್ಣಿನಿಂದ ನೋಡಿದ್ದೇ ಇಲ್ಲ. ಮರದ ಪೆಟ್ಟಿಗೆಗೂಡುಗಳಿಂದ ಚೇತರಿಸಿಕೊಂಡು, ಇಂದು ಪೂರ್ವದ ರಾಜ್ಯಗಳಲ್ಲಿ ಅತಿ ಹೆಚ್ಚು ಹೊಡೆಯುವ ಬಾತುಗಳಲ್ಲಿ ಅದೂ ಒಂದು. ಗ್ಯಾಡ್ವಾಲ್ ಕೂಡ ಹಾಗೆಯೇ. 1990ರ ದಶಕದಲ್ಲಿ ಉತ್ತರದ ಹುಲ್ಲುಗಾವಲಿನ ಹೊಂಡಗಳಲ್ಲಿ ನೀರು ತುಂಬಿ ಅದರ ಸಂತತಿ ಹೆಚ್ಚಿತು. ಲೂಸಿಯಾನಾದಂಥ ಕಡೆ ಈಗ ಬೇಟೆಗಾರರ ಚೀಲದಲ್ಲಿ ಅದೇ ಮುಂಚೂಣಿ. ಮಲಾರ್ಡ್ ಬಾರದ ಬೆಳಗುಗಳಲ್ಲಿ ಅದನ್ನು ಹೊಡೆದು ತಿಂದವರು, ಅದು ಅಷ್ಟೇನೂ ಕಳಪೆಯಲ್ಲ ಎನ್ನತೊಡಗಿದ್ದಾರೆ. ಹ್ಯೂಮ್ ಇದನ್ನು ಕೇಳಿದ್ದರೆ ನಕ್ಕಿರುತ್ತಿದ್ದ.

ನಮ್ಮಲ್ಲಿ ಈ ಲೆಕ್ಕಕ್ಕೆ ಈಗ ಅವಕಾಶವೇ ಇಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ರೂಪದಲ್ಲಿ ಪರವಾನಗಿ ಪಡೆದು ಬೇಟೆಯಾಡುವ ಕಿಂಡಿ ಇತ್ತು. 1991ರ ತಿದ್ದುಪಡಿ ಅದನ್ನು ಮುಚ್ಚಿತು. ಕರ್ನಾಟಕದ ಕೆರೆಗಳಿಗೆ ಚಳಿಗಾಲದಲ್ಲಿ ಬರುವ ಶೊವೆಲರನ್ನು ಈಗ ಬೈನಾಕ್ಯುಲರಿನವರು ಮಾತ್ರ ನೋಡುತ್ತಾರೆ, ಅದರ ಸಲಿಕೆ ಕೊಕ್ಕನ್ನು ಮೆಚ್ಚುತ್ತಾರೆ. ನಮ್ಮ ಕೆರೆಗಳಿಗೂ ಅಮೆರಿಕದ ಜವುಗಿಗೂ ಸಮಾನ ಅತಿಥಿಯಾದ ಇನ್ನೊಂದು ಹಕ್ಕಿ ಸೂಜಿಬಾಲದ ಬಾತು, ಅವರ ಪಿನ್‌ಟೇಲ್. ಅಲ್ಲಿ ಹಲವು ವರ್ಷ ದಿನಕ್ಕೆ ಒಂದೇ ಪಿನ್‌ಟೇಲ್ ಎಂಬ ನಿಯಮವಿತ್ತು. ಆ ಒಂದಕ್ಕಾಗಿ ಬೇಟೆಗಾರರು ಬಾಲದ ಗರಿ ಚೆನ್ನಾಗಿ ಬೆಳೆದ ಗಂಡನ್ನೇ ಆರಿಸುತ್ತಿದ್ದರು, ಉಳಿದವನ್ನು ಹಾರಿಹೋಗಲು ಬಿಡುತ್ತಿದ್ದರು. 2025-26ರ ಋತುವಿಗೆ ಆ ಮಿತಿ ಮೂರಕ್ಕೆ ಏರಿತು. ಹಕ್ಕಿಯ ಮಾಂಸದಲ್ಲಾಗಲಿ ಬಾಲದಲ್ಲಾಗಲಿ ಏನೂ ಬದಲಾಗಿಲ್ಲ. ಎರಡನೆಯ ಮತ್ತು ಮೂರನೆಯ ಪಿನ್‌ಟೇಲ್‌ಗೆ ಬಾಲ ನೋಡಿ ಕಾಯುವ ತಾಳ್ಮೆಯನ್ನು ಬೇಟೆಗಾರರು ಉಳಿಸಿಕೊಂಡರೆ ನನ್ನ ವಾದ ಅಷ್ಟರಮಟ್ಟಿಗೆ ಸೋತಂತೆ. ಉಳಿಸಿಕೊಳ್ಳಲಾರರು ಎಂದೇ ನನ್ನ ಎಣಿಕೆ.